ಪೂರ್ಣಕುಂಭ, ಖಾಲಿ ಕೊಡ: ಮಗಳಿಗೊಂದು ಪತ್ರ

ನವೆಂಬರ್ 24, 2022

ಪುಟ್ಟೀ,

ಫೋನ್ ಇಟ್ಟ ಮೇಲೂ ನಿನ್ನ ಮಾತು ಕಿವಿಯಲ್ಲೇ ಇತ್ತು. "ನಲ್ಲೀಲಿ ನೀರಿಲ್ಲ ಅಂತ ನನ್ನ ಹತ್ರ ಗೋಳಾಡ್ತೀಯ, ಡಿಸಿ ಬಂದ ದಿನ ರೇಷ್ಮೆ ಸೀರೆ ಉಟ್ಟು ಕಳಸ ಹೊರ್ತೀಯ" ಅಂದೆ. ಆ ವಿಡಿಯೊ ನಾನೂ ನೋಡಿದೆ. ಮುಂದಿನ ಸಾಲಿನಲ್ಲಿ ಎಡಗಡೆಯಿಂದ ಎರಡನೆಯವಳು ನಾನೇ. ಸೀರೆ ರೇಷ್ಮೆಯದಲ್ಲ, ಆರ್ಟ್ ಸಿಲ್ಕು, ನಿನ್ನ ಚಿಕ್ಕಮ್ಮ ಗೃಹಪ್ರವೇಶಕ್ಕೆ ಕೊಟ್ಟಿದ್ದು. ಉಳಿದದ್ದೆಲ್ಲ ನಿಜ. ಬಾಯಲ್ಲಿ ಹೇಳಹೋದರೆ ನೀನು ಅರ್ಧಕ್ಕೇ ತಡೆಯುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

'ಜಿಲ್ಲಾಧಿಕಾರಿಗಳ ನಡೆ ಹಳ್ಳಿ ಕಡೆ' ಅಂತ ಹೋದ ವರ್ಷ ಫೆಬ್ರುವರಿಯಲ್ಲಿ ಶುರುವಾಯಿತಲ್ಲ, ತಿಂಗಳ ಮೂರನೇ ಶನಿವಾರ ಡಿಸಿ ಒಂದು ಹಳ್ಳಿಗೆ ಹೋಗಿ ಅಹವಾಲು ಕೇಳೋದು. ಈ ಸಲ ನಮ್ಮೂರಿನ ಪಾಳಿ. ಸುದ್ದಿ ಬಂದ ಸಂಜೆಯೇ ಅರಳಿಕಟ್ಟೆಯಲ್ಲಿ ಜಗಳ. ನಿನ್ನ ದೊಡ್ಡಪ್ಪನ ಕಡೆಯವರು ಮನೆಗೆ 200 ರೂಪಾಯಿ ಚಂದಾ ಎತ್ತೋಣ, ಡೊಳ್ಳು ಕರೆಸೋಣ, ಎತ್ತಿನ ಗಾಡಿ ಸಿಂಗರಿಸೋಣ ಅಂದರು. ನಮ್ಮ ಬೀದಿಯ ಹುಡುಗರು, ನಿನ್ನ ಜೊತೆ ಓದಿದವರೇ, ಊರ ಬಾಗಿಲಲ್ಲಿ ಖಾಲಿ ಕೊಡ ಹಿಡಿದು ನಿಲ್ಲೋಣ ಅಂದರು.

ಹುಡುಗರ ಮಾತಿನಲ್ಲಿ ತಪ್ಪೇನಿತ್ತು? 'ಮನೆ ಮನೆಗೆ ಗಂಗೆ' ಅಂತ ಸಿಮೆಂಟ್ ರಸ್ತೆ ಅಗೆದು ಪೈಪು ಹಾಕಿದರು. ಮನೆ ಮುಂದೆಲ್ಲ ನಲ್ಲಿ, ಮೀಟರು. ಜಲಜೀವನ್ ಮಿಷನ್ ಲೆಕ್ಕದಲ್ಲಿ ಒಬ್ಬೊಬ್ಬರಿಗೆ ದಿನಕ್ಕೆ 55 ಲೀಟರ್. ಆ ನೀರು ತಗ್ಗಿನ ಬೀದಿಯಲ್ಲೇ ಮುಗಿಯುತ್ತದೆ. ನಮ್ಮ ದಿಬ್ಬದ ಬೀದಿಗೆ ಬರೋದು ಬುಸ್ ಅನ್ನೋ ಗಾಳಿ. ಆ ಗಾಳಿಗೂ ಮೀಟರ್ ತಿರುಗುತ್ತದೆ! ಮಳೆ ಇಲ್ಲದೆ ಹೀಗಾಗಿದ್ದರೆ ಹಣೆಬರಹ ಅನ್ನಬಹುದಿತ್ತು. ಈ ವರ್ಷ ಕೆರೆ ಕೋಡಿ ಬಿದ್ದು ಹೊಲಕ್ಕೇ ನೀರು ನುಗ್ಗಿದೆ.

ದೊಡ್ಡಪ್ಪ ಕೆಂಡವಾದರು. "ಹೆಣ್ಣು ನೋಡೋಕೆ ಹೊರಟೋನು ಖಾಲಿ ಕೊಡ ಎದುರಾದ್ರೆ ವಾಪಸ್ ಬರ್ತಾನೆ. ಊರಿಗೆ ಬರೋರಿಗೆ ಅದನ್ನೇ ತೋರಿಸ್ತೀರೇನೋ?" ಒಬ್ಬ ಹುಡುಗ, "ದಿನಾ ಬೆಳಿಗ್ಗೆ ನಮ್ಮಮ್ಮನ ಸೊಂಟದಲ್ಲೇ ನೋಡ್ತೀನಿ ದೊಡ್ಡಪ್ಪ, ನಾನೆಲ್ಲಿಗೆ ವಾಪಸ್ ಹೋಗ್ಲಿ?" ಅಂದ. ನಾನು ನಕ್ಕುಬಿಟ್ಟೆ. ದೊಡ್ಡಪ್ಪ ನನ್ನನ್ನೂ ದುರುಗುಟ್ಟಿ ನೋಡಿದರು.

ಮೇಷ್ಟ್ರು ಎದ್ದು ಸರ್ಕಾರದ ಮಾತು ತೆಗೆದರು. ಕಳೆದ ವರ್ಷ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಬೊಮ್ಮಾಯಿಯವರೇ ಸರ್ಕಾರಿ ಕಾರ್ಯಕ್ರಮಗಳಲ್ಲಿ ಹಾರ, ತುರಾಯಿ, ಶಾಲು ಬೇಡ, ಕೊಡುವುದಾದರೆ ಕನ್ನಡ ಪುಸ್ತಕ ಕೊಡಿ ಅಂದಿದ್ದಾರೆ ಅಂತ. ಹಿಂದಿನಿಂದ ಯಾರೋ, "ಹಾರ ಬೇಡ ಅಂದವ್ರೆ, ಕಳಸ ಬೇಡ ಅಂದಿಲ್ವಲ್ಲ" ಅಂದರು. ಮೇಷ್ಟ್ರು ಕೂತುಬಿಟ್ಟರು.

ಕಟ್ಟೆಯ ಮೇಲೆ ಕೂರದೆ ಕೆಳಗೇ ನಿಂತಿದ್ದಳು ಕಾಲೋನಿಯವಳೊಬ್ಬಳು, ನಮ್ಮ ಸಂಘದವಳೇ. "ಮೆರವಣಿಗೆ ಯಾವ ದಾರೀಲಿ?" ಅಂತ ಕೇಳಿದಳು. ಯಾರೂ ಬಾಯಿ ಬಿಡಲಿಲ್ಲ. ದಾರಿ ಆಗಲೇ ತೀರ್ಮಾನವಾಗಿತ್ತು. ಬಸ್ ಸ್ಟಾಪಿನಿಂದ ದೇವಸ್ಥಾನ, ಅಲ್ಲಿಂದ ಶಾಲೆ. ಚರಂಡಿ ನೀರು ಮನೆ ಹೊಸಿಲಿಗೇ ಬರೋ ಕಾಲೋನಿ ಆ ದಾರಿಯಲ್ಲಿ ಇರಲೇ ಇಲ್ಲ. "ಡೊಳ್ಳಾದ್ರೂ ಬಡೀರಿ, ಕೊಡ ಆದ್ರೂ ಹಿಡೀರಿ. ನಮ್ ಬೀದೀಲಿ ಒಂದ್ಸಲ ನಡೆಸ್ಕೊಂಡು ಬನ್ನಿ" ಅಂದಳು. ಅಷ್ಟು ಹೊತ್ತು ಕಿತ್ತಾಡಿದ ಎರಡೂ ಗುಂಪು ಗಪ್‌ಚಿಪ್. ನ್ಯಾಯ ಕೇಳುತ್ತಿದ್ದ ಹುಡುಗರಿಗೂ ಅದು ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ, ಪುಟ್ಟಿ.

ಕೊನೆಗೆ ಗೆದ್ದಿದ್ದು ಡೊಳ್ಳು. ಶುಕ್ರವಾರ ನೀನು ಊರು ನೋಡಬೇಕಿತ್ತು. ಗುಂಡಿಗಳಿಗೆ ಮಣ್ಣು ಬಿತ್ತು. ರಸ್ತೆಯ ಎರಡೂ ಕಡೆ ಬ್ಲೀಚಿಂಗ್ ಪೌಡರಿನ ಗೆರೆ. ತಿಂಗಳುಗಟ್ಟಲೆ ನಿಂತಿದ್ದ ಶುದ್ಧ ನೀರಿನ ಘಟಕಕ್ಕೂ ಜೀವ ಬಂತು. ಈ ಸಾಹೇಬರು ವಾರಕ್ಕೊಮ್ಮೆ ಸುಮ್ನೆ ಬಂದು ಹೋದರೂ ಸಾಕು ಅನ್ನಿಸಿತು.

ಈಗ ಕಳಸದ ವಿಚಾರ. ಸಂಘದಿಂದ ಹನ್ನೊಂದು ಹೆಂಗಸರು ಬೇಕು ಅಂದರು. ಸಂಘದ ಲೆಕ್ಕಪತ್ರವನ್ನೆಲ್ಲ ನೋಡಿಕೊಳ್ಳುವ ನಮ್ಮ ಅಧ್ಯಕ್ಷೆಯನ್ನು ಕರೆಯಲಿಲ್ಲ, ಆಕೆಗೆ ಗಂಡ ಇಲ್ಲ ಅಂತ. ನಿನಗೆ ಸಿಟ್ಟು ಬರುವುದಾದರೆ ಅದಕ್ಕೆ ಬರಲಿ, ನಾನು ತಲೆ ತಗ್ಗಿಸುತ್ತೇನೆ. ಹೊರುವುದಕ್ಕೆ ನಾನು ಒಪ್ಪಿದ್ದು ತಾತನ ಜಮೀನಿಗಾಗಿ. ತೀರಿಹೋದ ತಾತನ ಹೆಸರಿಂದ ನಮ್ಮ ಹೆಸರಿಗೆ ಆಗಲಿ ಅಂತ ಪೌತಿ ಖಾತೆಗೆ ಅರ್ಜಿ ಹಾಕಿ ನಿಮ್ಮಪ್ಪ ಎಷ್ಟು ಸಲ ಅಲೆದಿದ್ದಾರೆ, ನಿನಗೇ ಗೊತ್ತು. ಪಹಣಿಯಲ್ಲಿ ಇನ್ನೂ ತಾತನ ಹೆಸರೇ. ಸತ್ತವರಿಗೆ ಬ್ಯಾಂಕಿನವರು ಸಾಲ ಕೊಡುತ್ತಾರಾ? ಇಂಥ ಸಭೆಗಳಲ್ಲಿ ಮೈಕು ಗಂಡಸರ ಕೈಗೆ ಹೋದರೆ ವಾಪಸ್ ಬರುವುದಿಲ್ಲ. ವೇದಿಕೆ ಹತ್ತಿರ ಹೋದರೆ ಪೊಲೀಸರು ತಡೆಯುತ್ತಾರೆ. ಕಳಸ ಹೊತ್ತವರನ್ನು ಯಾರೂ ತಡೆಯುವುದಿಲ್ಲ. ಅರ್ಜಿಯನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡಿದ್ದೆ.

2006ರಲ್ಲಿ ಮುಖ್ಯಮಂತ್ರಿ ಕುಮಾರಸ್ವಾಮಿಯವರ ಗ್ರಾಮ ವಾಸ್ತವ್ಯವನ್ನು ಟಿವಿಯಲ್ಲಿ ನೋಡಿ ತಾತ, "ನಮ್ಮೂರಿಗೂ ಒಂದ್ಸಲ ಬರಬಾರ್ದಾ, ನಮ್ಮನೇಲೇ ಮಲಗಿಸ್ತಿದ್ದೆ" ಅಂದಿದ್ದರು. ಆಗ ನೀನು ಮೂರನೇ ಕ್ಲಾಸು. ಮಲಗಿಸುವುದಕ್ಕೆ ಇದ್ದದ್ದು ಒಂದೇ ಮಂಚ, ಅದರ ಮೇಲೂ ತಾತನೇ ಮಲಗುತ್ತಿದ್ದರು!

ಇನ್ನೊಂದು ಹೇಳುತ್ತೇನೆ, ನಗಬೇಡ. ನಾವು ಹೊತ್ತಿದ್ದು ಪೂರ್ಣಕುಂಭ ಅಲ್ಲವೇ ಅಲ್ಲ. ನೀರು ತಂದಿದ್ದು ದೊಡ್ಡಪ್ಪನ ತೋಟದ ಬೋರ್‌ವೆಲ್‌ನಿಂದ, ಅದೂ ಅರ್ಧರ್ಧ ಕೊಡ. ಮೆರವಣಿಗೆ ಮುಗಿದ ಮೇಲೆ ಒಬ್ಬಳೂ ಆ ನೀರನ್ನು ನೆಲಕ್ಕೆ ಚೆಲ್ಲಲಿಲ್ಲ. ಹಾಗೇ ಸೊಂಟಕ್ಕಿಟ್ಟುಕೊಂಡು ಮನೆಗೆ ಒಯ್ದೆವು.

ಹತ್ತು ಗಂಟೆಗೆ ಬರಬೇಕಾದ ಡಿಸಿ ಬಂದಿದ್ದು ಹನ್ನೊಂದೂವರೆಗೆ. "ಇದೆಲ್ಲ ಯಾಕೆ ಬೇಕಿತ್ತು" ಅಂದರು, ಆದರೂ ಗಾಡಿ ಹತ್ತಿದರು. ಚಿಕ್ಕ ವಯಸ್ಸು, ಬಿಸಿಲಿಗೆ ಬೆವೆತುಹೋಗಿದ್ದರು. ಕೆಟ್ಟವರು ಅನ್ನಿಸಲಿಲ್ಲ. ಸ್ವಾಗತ, ಪ್ರಾರ್ಥನೆ, ಭಾಷಣ ಅಂತ ಒಂದೂವರೆ ತಾಸು ಹೋಯಿತು. ಅಹವಾಲಿಗೆ ಉಳಿದಿದ್ದು ನಲವತ್ತು ನಿಮಿಷ. ನನ್ನ ತಕರಾರು ಇದ್ದರೆ ಇದೊಂದೇ. ಕಳಸದಿಂದ ಯಾರ ಮರ್ಯಾದೆಯೂ ಹೋಗಲಿಲ್ಲ, ನಮ್ಮ ಹೊತ್ತು ಹೋಯಿತು.

ನನ್ನ ಅರ್ಜಿ ಓದಿದರು. ಮೂಲೆಯಲ್ಲಿ ಏನೋ ಬರೆದು ಪಕ್ಕದವರ ಕೈಗೆ ಕೊಟ್ಟರು. ನಿನ್ನೆ ಅದಕ್ಕೊಂದು ನಂಬರ್ ಬಂದಿದೆ. ಖಾತೆ ಆಗಿಲ್ಲ, ನಂಬರ್ ಆಗಿದೆ.

ಹುಡುಗರು ಬಿಡಲಿಲ್ಲ. ಶಾಲೆ ಗೋಡೆಗೆ ಒರಗಿ ಖಾಲಿ ಕೊಡ ಹಿಡಿದು ನಿಂತಿದ್ದರು. ಪೊಲೀಸರು ಶಾಮಿಯಾನದ ಹಿಂದಕ್ಕೆ ತಳ್ಳಿದರು. ಊಟಕ್ಕೆ ಹೋಗುವ ದಾರಿ ಅಲ್ಲೇ ಇತ್ತು, ಡಿಸಿ ಕಣ್ಣಿಗೆ ಬಿದ್ದರು. ನಿಂತು ಮಾತಾಡಿಸಿ, ಎಂಜಿನಿಯರನ್ನು ಕರೆದು ಕೇಳಿದರು. ಕಾಲೋನಿಯವಳು ಹೇಗೋ ಮೈಕು ಹಿಡಿದು ತನ್ನ ಒಂದೇ ಮಾತು ಹೇಳಿದ್ದಳು. ಊಟವಾದ ಮೇಲೆ ಡಿಸಿ ಅಲ್ಲಿಗೂ ನಡೆದುಕೊಂಡೇ ಹೋದರು. ಡೊಳ್ಳು ಇಲ್ಲ, ಗಾಡಿ ಇಲ್ಲ. ನಮ್ಮ ಕಡೆಯವರು ಹಿಂದೆ ಹೋಗಿದ್ದು ನಾಲ್ಕೈದು ಜನ. ನಾನು ಹೋಗಲಿಲ್ಲ. ಪಾತ್ರೆ ತೊಳೆಯೋದಿತ್ತು ಅಂತ ನನಗೆ ನಾನೇ ಹೇಳಿಕೊಂಡೆ.

ಸೋಮವಾರ ಎಂಜಿನಿಯರ್ ಬಂದು ವಾಲ್ವ್ ನೋಡಿಕೊಂಡು ಹೋದರು. ನಮ್ಮ ಸ್ವಾಗತಕ್ಕೆ ಬಂದ ಅಂತ ದೊಡ್ಡಪ್ಪ, ನಮ್ಮ ಕೊಡಕ್ಕೆ ಬಂದ ಅಂತ ಹುಡುಗರು. ಇಬ್ಬರಿಗೂ ಮಾತಿಲ್ಲ, ಕಥೆಯಿಲ್ಲ. ಚಂದಾ ದುಡ್ಡಿನ ಲೆಕ್ಕ ಬೇರೆ ಶುರುವಾಗಿದೆ. ನೀರು ಇನ್ನೂ ಬಂದಿಲ್ಲ.

ಮುಂದಿನ ತಿಂಗಳು ಗ್ರಾಮಸಭೆ ಇದೆ. ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕಾದ ಸಭೆ. ಹೋದ ಸಲ ಇಪ್ಪತ್ತು ಜನವೂ ಸೇರಿರಲಿಲ್ಲ, ಅದಕ್ಕೆ ಯಾರೂ ಜಗಳವಾಡಲಿಲ್ಲ. ಈ ಸಲ ಅಧ್ಯಕ್ಷೆಯನ್ನೂ ಕಾಲೋನಿಯವಳನ್ನೂ ಕರೆದುಕೊಂಡು ಮುಂದಿನ ಸಾಲಿನಲ್ಲಿ ಕೂರಬೇಕು ಅಂತಿದ್ದೇನೆ. ರಜೆ ಸಿಕ್ಕರೆ ನೀನೂ ಬಾ. ತಾತನ ಮರಣ ಪ್ರಮಾಣಪತ್ರ ನಿನ್ನ ಫೈಲಿನಲ್ಲೇ ಇದೆ, ಮರೆಯದೆ ಎರಡು ಜೆರಾಕ್ಸ್ ಮಾಡಿಸಿಕೊಂಡು ಬಾ. ಇಲ್ಲಿ ಕರೆಂಟ್ ಇದ್ದ ದಿನ ಅಂಗಡಿ ಬಾಗಿಲು ಹಾಕಿರುತ್ತದೆ. ಕಳಸದ ಕಾಯಿ ಇನ್ನೂ ಒಡೆದಿಲ್ಲ, ನೀನು ಬಂದ ದಿನ ಕಾಯಿ ಹೋಳಿಗೆ ಮಾಡುತ್ತೇನೆ.

ನಿನ್ನ ಅಮ್ಮ