ಮೈಕ್ರೋಟೋಮ್ ಮುಂದೆ ಕೂರುವ ನಿಮಗೆ

ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಶುರುವಾದದ್ದು 1973ರಲ್ಲಿ, ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾದದ್ದು 1980ರಲ್ಲಿ. ಅಲ್ಲಿನ ಪೆಥಾಲಜಿ ಲ್ಯಾಬಿನಲ್ಲಿ ಮೈಕ್ರೋಟೋಮ್ ಎಂಬ ಯಂತ್ರದಿಂದ ಅಂಗಾಂಶವನ್ನು ತೆಳ್ಳಗೆ ಕೊಯ್ಯುವ ಟೆಕ್ನಿಷಿಯನ್ ಅವರೇ, ನಿಮ್ಮ ಹೆಸರು ಯಾವ ರಿಪೋರ್ಟಿನಲ್ಲೂ ಇರುವುದಿಲ್ಲ. ಊರೂರಿಂದ ಬಯಾಪ್ಸಿ, ಅಂದರೆ ಪರೀಕ್ಷೆಗೆಂದು ತೆಗೆದ ಅಂಗಾಂಶದ ತುಂಡು, ಕಳಿಸುವ ನಮ್ಮೆಲ್ಲರ ಪರವಾಗಿ ನಿಮಗೆ ಧನ್ಯವಾದ.

ಅಂಗಾಂಶ ಹುದುಗಿಸಿದ ಮೇಣದ ಬ್ಲಾಕನ್ನು ಮಂಜುಗಡ್ಡೆಯ ಮೇಲಿಟ್ಟು ತಣಿಸಿ, 3–4 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ 3–4 ಪಾಲು) ದಪ್ಪಕ್ಕೆ ಕೊಯ್ದು, ಆ ಪದರವನ್ನು ಬೆಚ್ಚಗಿನ ನೀರಿನ ಮೇಲೆ ಸುಕ್ಕಿಲ್ಲದೆ ತೇಲಿಸಿ ಗಾಜಿನ ಮೇಲೆ ಎತ್ತಿಕೊಳ್ಳುತ್ತೀರಿ. ಬ್ಲೇಡಿನಲ್ಲಿ ಒಂದು ಸಣ್ಣ ಮುಕ್ಕಿದ್ದರೂ ಸ್ಲೈಡಿನ ಉದ್ದಕ್ಕೂ ಗೀರು ಬೀಳುತ್ತದೆ. ಮೊದಲೇ ಜಾಸ್ತಿ ಕೊಯ್ದುಬಿಟ್ಟರೆ ಮುಂದಿನ ಪರೀಕ್ಷೆಗೆ ಅಂಗಾಂಶವೇ ಉಳಿಯುವುದಿಲ್ಲ. ನೀವು ಉಳಿಸುವ ಆ ಚೂರಿನಿಂದಲೇ ರೋಗಿಗೆ ಔಷಧಿ ಗೊತ್ತಾಗಬೇಕು, ಸಂಶೋಧನೆ ನಡೆಯಬೇಕು, ಪಿ.ಜಿ. ವಿದ್ಯಾರ್ಥಿಗಳು ಕಲಿಯಬೇಕು.

ನಿಮ್ಮ ಕೆಲಸ ಹಗುರ ಮಾಡುವುದು ಕಳಿಸುವವರ ಕೈಯಲ್ಲಿದೆ. ಸಲೈನಿನಲ್ಲಿ ಹಾಕಿದ ತುಂಡು ದಾರಿಯಲ್ಲೇ ಕೊಳೆಯಲು ಶುರುವಾಗುತ್ತದೆ. ಅಂಗಾಂಶ ಕೆಡದಂತೆ ಹಿಡಿದಿಡುವ ದ್ರವ, ಬಫರ್ ಮಾಡಿದ 10% ಫಾರ್ಮಲಿನ್ ಬೇಕು, ಅದೂ ತುಂಡಿನ ಹತ್ತು ಪಟ್ಟು. ಬಾಟಲಿಯ ಬಾಯಿ ಅಗಲವಿರಲಿ, ಫಾರ್ಮಲಿನ್‌ನಲ್ಲಿ ಗಟ್ಟಿಯಾದ ಅಂಗಾಂಶ ಕಿರಿದಾದ ಬಾಯಿಂದ ಹೊರಬರುವುದಿಲ್ಲ. ಸ್ತನದ ಗಡ್ಡೆಯಾದರೆ ಹಾರ್ಮೋನ್ ರಿಸೆಪ್ಟರ್ ಪರೀಕ್ಷೆಗಾಗಿ (ಗಡ್ಡೆ ಹಾರ್ಮೋನಿಗೆ ಸ್ಪಂದಿಸುವಂಥದ್ದೇ ಎಂದು ತಿಳಿಯಲು) ತುಂಡು ಫಾರ್ಮಲಿನ್‌ನಲ್ಲಿ 6 ಗಂಟೆಗಿಂತ ಕಡಿಮೆಯೂ 72 ಗಂಟೆಗಿಂತ ಹೆಚ್ಚೂ ಇರಬಾರದು. ಹೊರತೆಗೆದ ಹೊತ್ತು, ಫಾರ್ಮಲಿನ್‌ಗೆ ಹಾಕಿದ ಹೊತ್ತು ಎರಡನ್ನೂ ಬರೆಯಬೇಕು. ಹೆಸರಿನ ಚೀಟಿ ಮುಚ್ಚಳದ ಮೇಲಲ್ಲ, ಬಾಟಲಿಯ ಮೈಮೇಲೆ. ಮುಚ್ಚಳಗಳು ಅದಲುಬದಲಾಗುತ್ತವೆ.

ಇಷ್ಟೂ ಸರಿಯಿಲ್ಲದೆ ಬಂದ ತುಂಡಿನಿಂದಲೂ ಓದಲು ಬರುವಂಥ ಸ್ಲೈಡ್ ತೆಗೆದುಕೊಡುತ್ತೀರಲ್ಲ, ಆ ತಾಳ್ಮೆಗೆ ನಾವು ಋಣಿ.