ಕೂಗಲಿಲ್ಲ ಎಂದರೆ ಒಪ್ಪಿದಳು ಎಂದಲ್ಲ

ಮಾನ್ಯ ಸಂಪಾದಕರೇ,

ಮೊನ್ನೆ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸೊಬ್ಬರು ಅತ್ಯಾಚಾರದ ಸುದ್ದಿ ಓದಿ ಪೇಪರ್ ಮಡಚಿ, ‘ಆ ಹುಡುಗಿಗೆ ಕೂಗಿಕೊಳ್ಳೋಕೆ ಏನಾಗಿತ್ತು?’ ಎಂದರು. ಹೊಟ್ಟೆಯಲ್ಲಿ ಸಂಕಟವಾಯಿತು. ಭಯಕ್ಕೆ ಗಂಟಲು ಕಟ್ಟುತ್ತದೆ, ಕೈಕಾಲು ಮರಗಟ್ಟುತ್ತವೆ. 1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯಲ್ಲಿ ಆದಿವಾಸಿ ಹುಡುಗಿಯ ಮೇಲೆ ನಡೆದ ಅತ್ಯಾಚಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ‘ಮೈಮೇಲೆ ಗಾಯವಿಲ್ಲ’ ಎಂಬುದನ್ನು ಮುಂದಿಟ್ಟು ಪೊಲೀಸರಿಬ್ಬರನ್ನು ಬಿಟ್ಟಿತ್ತು. 2013ರ ತಿದ್ದುಪಡಿಯ ನಂತರ ಕಾನೂನು ಸ್ಪಷ್ಟವಾಗಿದೆ, ಈಗಿನ ಭಾರತೀಯ ನ್ಯಾಯ ಸಂಹಿತೆಯ 63ನೇ ಸೆಕ್ಷನ್‌ನಲ್ಲೂ ಅದೇ ಇದೆ: ದೈಹಿಕವಾಗಿ ಪ್ರತಿರೋಧಿಸಲಿಲ್ಲ ಎಂದ ಮಾತ್ರಕ್ಕೆ ಸಮ್ಮತಿ ಇತ್ತೆಂದು ತಿಳಿಯುವಂತಿಲ್ಲ. (ಹೆಂಡತಿಯ ವಿಷಯ ಬಂದರೆ ಅದೇ ಸೆಕ್ಷನ್ ಗಂಡನಿಗೆ ವಿನಾಯಿತಿ ಕೊಡುತ್ತದೆ, ಅದು ನನಗೆ ಇಂದಿಗೂ ಒಪ್ಪಿಗೆಯಿಲ್ಲ.) ‘ಮೌನಂ ಸಮ್ಮತಿ ಲಕ್ಷಣಂ’ ಕೇಳುತ್ತಲೇ ಬೆಳೆಯುವ ನಮ್ಮ ಹುಡುಗರಿಗೆ, ಹುಡುಗಿಯರಿಗೂ, ಕಾನೂನಿನ ಈ ಸಾಲನ್ನು ಹೈಸ್ಕೂಲಿನಲ್ಲೇ ಓದಿಸಿ ಎಂದು ಶಿಕ್ಷಣ ಇಲಾಖೆಯನ್ನು ಕೇಳಿಕೊಳ್ಳುತ್ತೇನೆ.

– ಒಬ್ಬ ಶಿಕ್ಷಕಿ, ತಿಪಟೂರು