ರಂಗೋಲಿ ತುಳಿಯಬೇಡ

ಬಾತೆಲ್, ವಾಷಿಂಗ್ಟನ್ ರಾಜ್ಯ, ಅಮೆರಿಕ, ನವೆಂಬರ್ 16

ಚಿ. ಸುಹಾಸನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ. ನಿನ್ನ ಅತ್ತೆಯ ನೆಗಡಿ ಒಂದು ಬಿಟ್ಟರೆ ಬೇರೇನೂ ತೊಂದರೆ ಇಲ್ಲ.

ಮೊನ್ನೆ ಫೋನಿನಲ್ಲಿ ನಿನ್ನ ಪ್ಲ್ಯಾನ್ ಹೇಳಿದೆಯಲ್ಲ, ಆಗ ಸುಮ್ನೆ ಹೂಂ ಅಂದೆ. ಆಮೇಲೆ ಯೋಚನೆ ಹತ್ತಿತು. ಅಪ್ಪ ಅಮ್ಮ ಶಿವಮೊಗ್ಗದಿಂದ ಬಂದಿಳಿದ ವಾರದಲ್ಲೇ, ಅದೂ ಡಿಸೆಂಬರ್ ಶನಿವಾರ, ಬೆಟ್ಟದಾಚೆಯ ಲೆವನ್‌ವರ್ತ್ ಅನ್ನುವ ಪುಟ್ಟ ಊರಿಗೆ ಹೋಗುವುದು. ಬೆಳಿಗ್ಗೆ ನೀನು ಸ್ಕೀ ಮಾಡುವುದು, ಅಷ್ಟು ಹೊತ್ತು ಅವರಿಬ್ಬರನ್ನೂ ಕಾಫಿ ಅಂಗಡಿಯಲ್ಲಿ ಕೂರಿಸುವುದು. ಸಂಜೆ ದೀಪ ನೋಡಿ ರಾತ್ರಿಯೇ ರೆಡ್ಮಂಡ್‌ಗೆ ವಾಪಸ್. ಇದರಲ್ಲಿ ಒಂದು ಮಾತೂ ನನಗೆ ಒಪ್ಪಿಗೆಯಾಗಲಿಲ್ಲ. ಎದುರಿಗೆ ಹೇಳಿದರೆ ನೀನು ನಕ್ಕು ತೇಲಿಸಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಶನಿವಾರದ ಮಾತು. ಡಿಸೆಂಬರ್ ಶನಿವಾರ ಆ ಊರಿಗೆ ಹೋಗುವುದು ಅಂದರೆ ಸಿರಸಿ ಜಾತ್ರೆಯ ದಿನ ಕಾರು ನಿಲ್ಲಿಸಲು ಜಾಗ ಹುಡುಕಿದ ಹಾಗೆ. ಇಡೀ ಊರಿನ ಜನಸಂಖ್ಯೆ ಎರಡೂವರೆ ಸಾವಿರದ ಆಸುಪಾಸು. ಅಲ್ಲಿಗೆ ಸಿಯಾಟಲ್ ಕಡೆಯವರೆಲ್ಲ ಒಂದೇ ದಿನ ನುಗ್ಗಿದರೆ ಏನಾಗಬೇಡ? ಕ್ರಿಸ್‌ಮಸ್ ಮುಗಿದ ಮೇಲೂ ದೀಪ ಇರುತ್ತವೆ. ಜನವರಿಯಲ್ಲಿ ಒಂದು ಮಂಗಳವಾರವೋ ಬುಧವಾರವೋ ರಜೆ ಹಾಕು. ಅಷ್ಟು ಹೊತ್ತಿಗೆ ಅವರ ನಿದ್ದೆಯೂ ಸರಿಹೋಗಿರುತ್ತದೆ, ಹಿಮವೂ ಚೆನ್ನಾಗಿ ಕೂತಿರುತ್ತದೆ. ಒಂದು ರಾತ್ರಿ ಅಲ್ಲೇ ಉಳಿಯಿರಿ.

ಊರಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಫೋಟೋ ನೀನೂ ನೋಡಿದ್ದೀಯ. ಒಂದು ಕಾಲಕ್ಕೆ ಅದು ರೈಲಿನವರ, ಮರದ ಮಿಲ್ಲಿನವರ ಊರು. 1920ರ ದಶಕದಲ್ಲಿ ರೈಲಿನವರು ತಮ್ಮ ಯಾರ್ಡನ್ನು ವೆನಾಚಿ ಅನ್ನುವ ಊರಿಗೆ ಸಾಗಿಸಿದರು. ಮಿಲ್ಲೂ ಮುಚ್ಚಿತು. ಬೀದಿ ಬಿಕೋ ಅನ್ನತೊಡಗಿತು. 1960ರ ದಶಕದಲ್ಲಿ ಊರಿನವರೇ ಕೂತು ಮಾತಾಡಿ, ಅಂಗಡಿಗಳ ಮುಂಭಾಗವನ್ನೆಲ್ಲ ಜರ್ಮನಿಯ ಬವೇರಿಯಾದ ಮನೆಗಳ ಹಾಗೆ ಮಾಡಿಕೊಂಡರು. ಊರಿಗೆ ಊರೇ ವೇಷ ಕಟ್ಟಿತು ಅನ್ನು. ವೇಷ ಚೆನ್ನಾಗಿಯೇ ಇದೆ, ಹೊಟ್ಟೆಯನ್ನೂ ತುಂಬಿಸಿದೆ. ಆದರೆ ಅದನ್ನಷ್ಟೇ ನೋಡಿ ಬಂದರೆ ಯಕ್ಷಗಾನದ ಚೌಕಿಗೆ ಹೋಗಿ ಕಿರೀಟ ಮುಟ್ಟಿ ಬಂದಂತೆ. ಆಟ ನೋಡಿದಂತಲ್ಲ.

ಆಟ ನಡೆಯುವುದು ಊರಾಚೆ, ಉತ್ತರಕ್ಕೆ ಒಂದೆರಡು ಮೈಲಿ ದೂರದ ಸ್ಕೀ ಹಿಲ್‌ನಲ್ಲಿ. ಅಲ್ಲಿನ ಚಳಿಗಾಲದ ಆಟದ ಕ್ಲಬ್ ಶುರುವಾದದ್ದು 1928ರಲ್ಲಿ. ಬವೇರಿಯಾ ವೇಷಕ್ಕಿಂತ ಮೂವತ್ತಕ್ಕೂ ಹೆಚ್ಚು ವರ್ಷ ಹಳೆಯದು. ದೊಡ್ಡ ದೊಡ್ಡ ಲಿಫ್ಟ್ ಏನೂ ಇಲ್ಲ. ಹಗ್ಗ ಹಿಡಿದುಕೊಂಡರೆ ಮೇಲೆ ಎಳೆದೊಯ್ಯುವ ಪುಟ್ಟ ಇಳಿಜಾರು, ಪಕ್ಕದ ಕಾಡಿನೊಳಗೆ ನಡೆದಂತೆ ಜಾರುವ ನಾರ್ಡಿಕ್ ಸ್ಕೀ ದಾರಿ, ಕತ್ತಲಾದ ಮೇಲೂ ಆಡಲು ದೀಪದ ಕಂಬ, ಮರದ ಹಳೆಯ ಲಾಡ್ಜು. ಅಷ್ಟೇ. ನಾರ್ವೆಯಿಂದ ಬಂದ ಬಕ್ಕೆ ಅನ್ನುವ ಅಣ್ಣತಮ್ಮಂದಿರು ಸ್ಕೀ ಹಾರುವ ದೊಡ್ಡ ಜಾರನ್ನು ಅಲ್ಲಿ ಕಟ್ಟಿ ಬೆಳೆಸಿದರು. ಅದನ್ನು ಬಕ್ಕೆ ಹಿಲ್ ಅನ್ನುತ್ತಾರೆ. ಬಕ್ಕೆ ಅಂದ ಕೂಡಲೇ ನನಗೆ ಹಲಸಿನ ಹಣ್ಣೇ ಕಣ್ಮುಂದೆ ಬಂದದ್ದು, ನಿನಗೂ ಅಷ್ಟೇ ಅಲ್ವಾ? 1941ರಲ್ಲಿ ಟೋರ್ಗರ್ ಟೋಕ್ಲೆ ಅನ್ನುವ ಹುಡುಗ ಅಲ್ಲಿ 273 ಅಡಿ ಹಾರಿ ಅಮೆರಿಕದ ದಾಖಲೆ ಮಾಡಿದ. ನಾಲ್ಕೇ ವರ್ಷಕ್ಕೆ ಇಟಲಿಯ ಯುದ್ಧದಲ್ಲಿ ಸತ್ತ. ಆ ಗುಡ್ಡದ ಬುಡದಲ್ಲಿ ನಿಂತು ಒಂದು ಸಲ ತಲೆ ಎತ್ತಿ ನೋಡು.

ಈಗ ನಿನ್ನ ಸ್ಕೀ ವಿಷಯ. ನೀನು ಯಾವುದೋ ವಿಡಿಯೋ ನೋಡಿ, ಗುಡ್ಡದ ತಲೆಯಿಂದ ಸುಯ್ಯನೆ ಇಳಿಯುವುದೇ ಸ್ಕೀ ಅಂದುಕೊಂಡಿದ್ದೀಯ. ಅದು ಆಲ್ಪೈನ್. ಅದರಲ್ಲಿ ಇಡೀ ಬೂಟು ಸ್ಕೀ ಹಲಗೆಗೆ ಬಿಗಿ. ನಾರ್ಡಿಕ್‌ನಲ್ಲಿ ಬೆರಳಿನ ಕಡೆ ಮಾತ್ರ ಬಿಗಿ, ಹಿಮ್ಮಡಿ ಬಿಡಿ. ಹಾಗಾಗಿ ನಡೆಯಬಹುದು, ಏರಬಹುದು, ಸಮತಟ್ಟಿನಲ್ಲಿ ಜಾರುತ್ತಾ ಮೈಲಿಗಟ್ಟಲೆ ಹೋಗಬಹುದು. ಹಲಗೆ ನಡುವೆ ಬಿಲ್ಲಿನಂತೆ ಸ್ವಲ್ಪ ಮೇಲೆದ್ದಿರುತ್ತದೆ. ಅದರ ಅಡಿಯಲ್ಲಿ ಮೀನಿನ ಹುರುಪೆಯಂಥ ಗೀರುಗಳಿವೆ. ಒಂದೇ ಕಾಲಿನ ಮೇಲೆ ಪೂರ್ತಿ ಭಾರ ಹಾಕಿದರೆ ಬಿಲ್ಲು ಚಪ್ಪಟೆಯಾಗಿ ಹುರುಪೆ ಹಿಮವನ್ನು ಕಚ್ಚುತ್ತದೆ, ಒದ್ದು ಮುಂದೆ ಹೋಗಬಹುದು. ಭಾರ ಎರಡೂ ಕಾಲಿಗೆ ಹಂಚಿದರೆ ಹುರುಪೆ ಮೇಲೇಳುತ್ತದೆ, ಆಗ ಜಾರು. ಇಷ್ಟೇ ಗುಟ್ಟು. ಆದರೆ ಭಾರವನ್ನು ಒಂದೇ ಕಾಲಿಗೆ ಒಪ್ಪಿಸುವ ಧೈರ್ಯ ಬರಲು ನನಗೆ ಎರಡು ಚಳಿಗಾಲ ಬೇಕಾಯಿತು. ಹೆದರಿದವನು ಎರಡೂ ಕಾಲಿನ ಮೇಲೆ ನಿಲ್ಲುತ್ತಾನೆ, ಅಲ್ಲೇ ಹಿಂದೆ ಜಾರುತ್ತಾನೆ. ಇನ್ನೊಂದು ಬಗೆ ಇದೆ, ಹಲಗೆಯನ್ನು ಓರೆಯಾಗಿ ಪಕ್ಕಕ್ಕೆ ಒದ್ದು ಹೋಗುವುದು, ಸ್ಕೇಟ್ ಅಂತ. 1980ರ ದಶಕದಲ್ಲಿ ಬಿಲ್ ಕೋಕ್ ಅನ್ನುವ ಅಮೆರಿಕನ್ನನಿಂದ ಹೆಸರಾಯಿತು. ನೋಡಲು ಚೆಂದ, ಎದೆಗೆ ಭಾರ. ಈ ವರ್ಷ ಅದರ ಸುದ್ದಿಗೇ ಹೋಗಬೇಡ.

ಶುರು ಮಾಡಲು ಸ್ಕೀ ಹಿಲ್‌ಗಿಂತ ಐಸಿಕಲ್ ಹೊಳೆಯ ಪಕ್ಕದ ದಾರಿ ಒಳ್ಳೆಯದು. ಮೀನು ಮರಿ ಮಾಡುವ ಸರ್ಕಾರಿ ಹ್ಯಾಚರಿಯ ಸುತ್ತ ಇರುವುದು. ಹೆಚ್ಚುಕಡಿಮೆ ಗದ್ದೆಯ ಹಾಗೆ ಸಮತಟ್ಟು. ನಾನು ಮಾನ ಕಳೆದುಕೊಂಡದ್ದೂ ಅಲ್ಲೇ. ಅದನ್ನು ಹೇಳಲೆಂದೇ ಇಷ್ಟುದ್ದ ಬರೆದೆ.

1997ರ ಫೆಬ್ರವರಿ. ನಾವು ಈ ದೇಶಕ್ಕೆ ಬಂದು ಮೂರು ವರ್ಷ. ಕಾರು ನಿಲ್ಲಿಸಿ ನೋಡಿದರೆ ಕಾಡಿನ ನಡುವೆ ಅಗಲವಾದ ಬಿಳಿ ರಸ್ತೆ. ಒಂದು ಪಕ್ಕದಲ್ಲಿ ಗಾಡಿ ಜಾಡಿನ ಹಾಗೆ ಎರಡು ಸಾಲು, ಕೊರೆದಿಟ್ಟಂತೆ ನೇರ. ಎಷ್ಟು ಅನುಕೂಲ ಮಾಡಿಟ್ಟಿದ್ದಾರೆ ಮಹಾರಾಯರು ಅಂದುಕೊಂಡೆ. ನಾನು, ನಿನ್ನ ಅತ್ತೆ, ಇಬ್ಬರು ಮಕ್ಕಳು ಬೂಟು ಹಾಕಿಕೊಂಡು ಆ ಸಾಲಿನಲ್ಲೇ ನಡೆದೆವು. ಹಿಂದೆ ಒಂದು ಪ್ಲಾಸ್ಟಿಕ್ ಸ್ಲೆಡ್ ಬೇರೆ ಎಳೆದೆ. ಅರ್ಧ ಮೈಲಿ ಹೋಗಿರಬೇಕು, ಎದುರಿನಿಂದ ಒಬ್ಬ ಅಜ್ಜಿ ಸ್ಕೀ ಮಾಡುತ್ತಾ ಬಂದರು. ಎಪ್ಪತ್ತರ ಮೇಲಿನ ವಯಸ್ಸು. ನಿಂತರು. ಬೈಯಲಿಲ್ಲ. ನಮ್ಮ ಹಿಂದೆ ಕೋಲು ತೋರಿಸಿ, ತಿರುಗಿ ನೋಡು ಅಂದರು. ನೋಡಿದೆ. ಅಷ್ಟು ದೂರದ ಸಾಲೂ ಗುಂಡಿ ಗುಂಡಿ. ಸ್ಕೀ ಜಾರಲೆಂದು ಯಂತ್ರ ತಂದು ರಾತ್ರಿಯೋ ನಸುಕಿನಲ್ಲೋ ಒಬ್ಬರು ಈ ಸಾಲನ್ನು ಎಳೆಯುತ್ತಾರೆ, ಈ ಗುಂಡಿ ಸಂಜೆಗೆ ಕಲ್ಲಾಗುತ್ತದೆ, ಕತ್ತಲಲ್ಲಿ ಬಂದವರ ಕಾಲು ಮುರಿಯುತ್ತದೆ ಅಂದರು. ಆಮೇಲೆ ನಡೆಯುವವರ ದಾರಿ ಯಾವ ಕಡೆ ಅಂತ ತೋರಿಸಿ ಹೊರಟುಹೋದರು.

ನಿನ್ನ ಅತ್ತೆ ಅಲ್ಲೇ ಒಂದು ಮಾತು ಅಂದಳು. ಬೆಳಿಗ್ಗೆ ಬೇರೆಯವರ ಮನೆ ಅಂಗಳದಲ್ಲಿ ರಂಗೋಲಿ ಹಾಕಿದ್ದನ್ನು ನಾವು ನಾಲ್ಕೂ ಜನ ತುಳಿದುಕೊಂಡು ಬಂದೆವಲ್ಲ ಅಂತ. ನನಗೆ ಅದಕ್ಕಿಂತ ಸರಿಯಾಗಿ ಯಾರೂ ಗ್ರೂಮಿಂಗ್, ಅಂದರೆ ಯಂತ್ರದಿಂದ ಹಿಮದ ದಾರಿ ಹದ ಮಾಡುವುದರ ಬಗ್ಗೆ ಹೇಳಿಕೊಟ್ಟಿಲ್ಲ.

ಅದಕ್ಕೇ ಹೇಳುತ್ತೇನೆ. ಬೂಟಿನಲ್ಲಿ ಆ ಸಾಲು ತುಳಿಯಬೇಡ. ಫೋಟೋಕ್ಕೂ ಬೇಡ. ನಡೆಯಲು, ಸ್ನೋ ಶೂ ಹಾಕಲು, ನಾಯಿ ಕರೆದೊಯ್ಯಲು ಬೇರೆ ದಾರಿ ಬಿಟ್ಟಿರುತ್ತಾರೆ, ಬೋರ್ಡ್ ಓದು. ಕಾಸು ಕೊಟ್ಟು ಪಾಸ್ ತೆಗೆದುಕೋ. ಯಾರೂ ಕೇಳುವುದಿಲ್ಲ ಅಂತ ನಿನ್ನ ಸ್ನೇಹಿತರು ಹೇಳುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡ. ಆ ಯಂತ್ರ ಓಡುವುದು ಆ ದುಡ್ಡಿನಿಂದ. ಬಿದ್ದರೆ, ಬೀಳುತ್ತೀಯ, ಪಕ್ಕಕ್ಕೆ ಕೂತಂತೆ ಬೀಳು. ಮೊದಲು ದಾರಿ ಬಿಟ್ಟು ಸರಿ, ಆಮೇಲೆ ಬಟ್ಟೆ ಝಾಡಿಸಿಕೋ. ನೀನು ಬಿದ್ದು ಆದ ಗುಂಡಿಯನ್ನು ನೀನೇ ಮುಚ್ಚು. ಇಳಿಜಾರಿನಲ್ಲಿ ಕೆಳಗೆ ಬರುವವರಿಗೆ ದಾರಿ ಬಿಡು, ಅವರಿಗೆ ನಿಲ್ಲಿಸುವುದು ಕಷ್ಟ.

ಜೀನ್ಸ್ ಬೇಡವೇ ಬೇಡ. ಹತ್ತಿ ಬಟ್ಟೆ ಬೆವರು ಕುಡಿದು ಒಣಗುವುದಿಲ್ಲ, ನಿಂತ ಐದು ನಿಮಿಷಕ್ಕೆ ಮೈ ಹೆಪ್ಪುಗಟ್ಟಿದಂತೆ ಆಗುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಕಂಬಳಿ ಕೊಪ್ಪೆ ಹಾಕುತ್ತಿದ್ದರಲ್ಲ, ಅದೇ ಬುದ್ಧಿ ಇಲ್ಲೂ ನಡೆಯುತ್ತದೆ. ಉಣ್ಣೆ ಒದ್ದೆಯಾದರೂ ಬೆಚ್ಚಗಿಡುತ್ತದೆ. ಶುರುವಿನಲ್ಲಿ ಸ್ವಲ್ಪ ಚಳಿ ಅನ್ನಿಸಬೇಕು, ಅಷ್ಟೇ ಬಟ್ಟೆ ಸಾಕು.

ದಾರಿಯ ಬಗ್ಗೆ ಎರಡು ಮಾತು. ಕ್ಯಾಸ್ಕೇಡ್ ಸಾಲು ಅಂದರೆ ನಮ್ಮ ಘಟ್ಟ ಇದ್ದ ಹಾಗೆ. ಪಶ್ಚಿಮಕ್ಕೆ ಸಿಯಾಟಲ್ ಕಡೆ ಮಳೆ, ಪೂರ್ವಕ್ಕೆ ದಾಟಿದರೆ ಒಣ ಚಳಿ. ಲೆವನ್‌ವರ್ತ್ ಇರುವುದು ಸುಮಾರು 1,170 ಅಡಿ ಎತ್ತರದಲ್ಲಿ, ನಮ್ಮ ತೀರ್ಥಹಳ್ಳಿ ಅದಕ್ಕಿಂತ ಎತ್ತರ. ಹಾಗಾಗಿ ಬೆಚ್ಚಗಿನ ವಾರ ಬಂದರೆ ಹಿಮ ಕರಗಿ ಕೆಸರಾಗುತ್ತದೆ. ಹೊರಡುವ ದಿನ ಬೆಳಿಗ್ಗೆ ಕ್ಲಬ್‌ನವರ ವರದಿ ನೋಡಿಯೇ ಹೊರಡು. ನಡುವೆ ದಾಟಬೇಕಾದ ಸ್ಟೀವನ್ಸ್ ಪಾಸ್ ಅನ್ನುವ ಘಾಟಿ ಮಾತ್ರ 4,061 ಅಡಿ. ಅದನ್ನು ಸದರ ಮಾಡಿಕೊಳ್ಳಬೇಡ. 1910ರ ಮಾರ್ಚ್ 1ರಂದು ಅದರ ಹತ್ತಿರ ವೆಲ್ಲಿಂಗ್ಟನ್‌ನಲ್ಲಿ ಹಿಮಕುಸಿತ ಎರಡು ರೈಲುಗಳನ್ನು ಕೆಳಗೆ ತಳ್ಳಿತು, 96 ಜನ ಸತ್ತರು. ಈಗಲೂ ಕೆಲವು ದಿನ ಹೆದ್ದಾರಿ 2 ಮುಚ್ಚುತ್ತಾರೆ. ಆಗ ಬ್ಲೂಯಿಟ್ ಪಾಸ್ ಸುತ್ತಿ ಬರಬೇಕು, ಇಲ್ಲ ಮನೆಯಲ್ಲೇ ಇರಬೇಕು. ನಿನ್ನದು ಆಲ್ ವೀಲ್ ಡ್ರೈವ್ ಅಂತ ಗೊತ್ತು. ಅದು ಹೊರಡಿಸುತ್ತದೆ, ನಿಲ್ಲಿಸುವುದಿಲ್ಲ. ಟೈರಿಗೆ ಹಾಕುವ ಚೈನ್ ಕಾರಿನಲ್ಲಿರಲಿ, ಹಾಕುವುದನ್ನು ಮನೆ ಮುಂದೆ ಒಂದು ಸಲ ಅಭ್ಯಾಸ ಮಾಡು. ರೈಲೂ ಇದೆ. ಆದರೆ ಹೋಗುವಾಗ ರಾತ್ರಿ, ಬರುವಾಗ ಹತ್ತುವುದು ಬೆಳಕು ಹರಿಯುವ ಮೊದಲು. ಚಳಿಗಾಲದಲ್ಲಿ ಕಿಟಕಿಯಲ್ಲಿ ನಿನ್ನ ಮುಖವೇ ಕಾಣುತ್ತದೆ.

ಡಿಸೆಂಬರ್, ಜನವರಿಯಲ್ಲಿ ನಾಲ್ಕೂವರೆ ಅನ್ನುವಷ್ಟರಲ್ಲಿ ಸೂರ್ಯ ಹೋಗಿಬಿಡುತ್ತಾನೆ. ಎಷ್ಟು ಹೊತ್ತಿಗೆ ವಾಪಸ್ ತಿರುಗಬೇಕು ಅಂತ ಹೊರಡುವ ಮೊದಲೇ ತೀರ್ಮಾನ ಮಾಡು.

ಹ್ಯಾಚರಿಗೆ ಭಾವನವರನ್ನು ಕರೆದುಕೊಂಡು ಹೋಗು. ಅವರಿಗೆ ಮಂಡಿ ನೋವು, ಸ್ಕೀ ಬೇಡ. ಬೂಟಿಗೆ ಮುಳ್ಳಿನ ಪಟ್ಟಿ ಕಟ್ಟಿದರೆ ನಿಧಾನಕ್ಕೆ ನಡೆಯಬಹುದು. ಕೊಲಂಬಿಯಾ ನದಿಗೆ ಗ್ರ್ಯಾಂಡ್ ಕೂಲಿ ಅಣೆಕಟ್ಟು ಕಟ್ಟಿದಾಗ ಸಾಲ್ಮನ್ ಮೀನು ಮೇಲೆ ಹತ್ತಲು ದಾರಿಯೇ ಇರಲಿಲ್ಲ. ಆ ನಷ್ಟಕ್ಕೆ ಬದಲಾಗಿ 1940ರ ಸುಮಾರಿಗೆ ಈ ಹ್ಯಾಚರಿ ಬಂತು. ಅದಕ್ಕೂ ಮೊದಲು ಆ ಹೊಳೆಗಳಲ್ಲಿ ವೆನಾಚಿ ಅನ್ನುವ ಮೂಲನಿವಾಸಿ ಜನ ಮೀನು ಹಿಡಿಯುತ್ತಿದ್ದರು. 1855ರ ಒಪ್ಪಂದದಲ್ಲಿ ಅಮೆರಿಕ ಸರ್ಕಾರದವರು ಅವರಿಗೆ ಅಲ್ಲಿ ಜಾಗ ಬಿಡುತ್ತೇವೆ ಅಂದರು, ಕೊಡಲಿಲ್ಲ. ಭಾವನವರದು ಲಿಂಗನಮಕ್ಕಿಯಲ್ಲಿ ಮುಳುಗಿದ ಮನೆ. ಅವರಿಗೆ ನೀನು ಹೆಚ್ಚು ವಿವರಿಸಬೇಕಾಗಿಲ್ಲ.

ಮಧ್ಯಾಹ್ನಕ್ಕೆ ಚಿತ್ರಾನ್ನ, ಫ್ಲಾಸ್ಕಿನಲ್ಲಿ ಬಿಸಿ ನೀರು ಕಟ್ಟಿಕೋ. ಊರಿನ ಹೋಟೆಲುಗಳಲ್ಲಿ ಸಾಸೇಜೇ ಜಾಸ್ತಿ, ನಮ್ಮವರಿಗೆ ಉಪ್ಪಿನ ಪ್ರೆಟ್ಜೆಲ್ಲೇ ಗತಿ. ಸಮಯ ಉಳಿದರೆ ನಟ್‌ಕ್ರ್ಯಾಕರ್ ಮ್ಯೂಸಿಯಂ ನೋಡಿ. ಕಾಯಿ ಒಡೆಯುವ ಸಾಧನಗಳೇ ಸಾವಿರಾರು ಇವೆ. ನಮ್ಮ ಅಜ್ಜನ ಅಡಕತ್ತರಿ ನೆನಪಾಗಿ ನಾನು ಅಲ್ಲಿ ಒಂದು ಗಂಟೆ ಕಳೆದೆ. ಬೀದಿಯಲ್ಲಿ ನಡೆಯುವಾಗ ಸೂರಿನ ಕೆಳಗೆ ನಿಲ್ಲಬೇಡಿ. ನೇತಾಡುವ ಹಿಮದ ಕೋಲು ಫೋಟೋಕ್ಕೆ ಚೆಂದ, ತಲೆಗೆ ಅಲ್ಲ.

ಇನ್ನು ನಿನ್ನಮ್ಮ. ಅವಳನ್ನು ಕಾಫಿ ಅಂಗಡಿಯಲ್ಲಿ ಕೂರಿಸುತ್ತೇನೆ ಅಂದೆಯಲ್ಲ, ಅದು ನನಗೆ ಎಲ್ಲಕ್ಕಿಂತ ಬೇಜಾರಾದ ಮಾತು. ನೀನು ಅವಳನ್ನು ಅಡುಗೆ ಮನೆಯಲ್ಲಿ ಮಾತ್ರ ನೋಡಿದ್ದೀಯ. ನಾನು ನೋಡಿದ್ದು ಬೇರೆ. ಆಷಾಢದಲ್ಲಿ ಹಳ್ಳ ಕೆಂಪಗೆ ಉಕ್ಕುವಾಗ, ಒಂಟಿ ಮರದ ಸಂಕದ ಮೇಲೆ ಒಂದು ಕೈಯಲ್ಲಿ ಪಾಟಿಚೀಲ, ಇನ್ನೊಂದರಲ್ಲಿ ಕೊಡೆ ಹಿಡಿದು ದಾಟುತ್ತಿದ್ದಳು. ನಾನು, ಅವಳಿಗಿಂತ ಆರು ವರ್ಷ ದೊಡ್ಡವನು, ಹಿಂದೆ ಕೂತು ತೆವಳುತ್ತಿದ್ದೆ. ಒಂದೇ ಕಾಲಿಗೆ ಭಾರ ಒಪ್ಪಿಸುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಿಲ್ಲ. ಹ್ಯಾಚರಿಯ ಸಮತಟ್ಟಿನಲ್ಲಿ ಒಂದು ನೂರು ಗಜ ಸಾಕು. ಬೇಡ ಬೇಡ ಅನ್ನುತ್ತಾಳೆ, ಎರಡು ಸಲ ಕೇಳು.

ನಿನ್ನ ಅತ್ತೆಯ ಸ್ಕೀ, ಕೋಲು, ಬೂಟು ಗ್ಯಾರೇಜಿನಲ್ಲಿ ಹಾಗೇ ಇವೆ. ಅಮ್ಮನ ಪಾದದ ಅಳತೆ ಕೇಳಿ ತಿಳಿಸು. ಯಾಕೆ ಅಂತ ಮಾತ್ರ ಈಗಲೇ ಹೇಳಬೇಡ.

ಇಂತಿ,
ನಿನ್ನ ಸೋದರಮಾವ